45001 ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ, ಫ್ಯಾಕ್ಟರಿಯಲ್ಲಿ 2 ವರ್ಷ ಸೇಫ್ಟಿ ಕೆಲಸ. ಈಗ 40 ಸಾವಿರ ಕೊಟ್ಟು ಐಎಸ್‌ಒ 45001 (ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಅಂತರರಾಷ್ಟ್ರೀಯ ಮಾನದಂಡ) ಲೀಡ್ ಆಡಿಟರ್ ಕೋರ್ಸ್ ಮಾಡಿದರೆ ದುಬೈಯಲ್ಲಿ ಕೆಲಸ ಸಿಗುತ್ತಾ, ಬದುಕು ಹೇಗಿರುತ್ತೆ ಅಂತ ಕೇಳಿದ್ದೀರಿ. ನಾನು ದುಬೈಗೆ ಬಂದು 14 ವರ್ಷ, ಇದೇ ಕೆಲಸ, ಹಾಗಾಗಿ ನೇರವಾಗಿ ಹೇಳುತ್ತೇನೆ.

ಆ ದುಡ್ಡು ಸದ್ಯ ಜೇಬಲ್ಲೇ ಇರಲಿ. 45001 ಸರ್ಟಿಫಿಕೇಟ್ ಸಿಗುವುದು ಕಂಪನಿಗೆ, ಮನುಷ್ಯನಿಗಲ್ಲ. ಅದನ್ನೂ ಐಎಸ್‌ಒ ಕೊಡುವುದಿಲ್ಲ, ಅವರು ನಿಯಮ ಬರೆಯುತ್ತಾರೆ ಅಷ್ಟೇ, ಬಂದು ತಪಾಸಣೆ ಮಾಡಿ ಕೊಡುವವರು ಬೇರೆ ಸಂಸ್ಥೆಗಳವರು. 5 ದಿನದ ಆ ಕೋರ್ಸ್ ಆಡಿಟ್ ಮಾಡುವುದು ಹೇಗೆ ಅಂತ ಕಲಿಸುತ್ತದೆ. ಸೈಟಿನಲ್ಲಿ ನಿಲ್ಲುವ ಕೆಲಸಕ್ಕೆ ಇಲ್ಲಿ ಮೊದಲು ಕೇಳುವುದು ಬ್ರಿಟನ್ನಿನ ನೆಬೋಶ್ ಸಂಸ್ಥೆ ಕೊಡುವ ಐಜಿಸಿ ಅನ್ನುವ ಸುರಕ್ಷತಾ ಸರ್ಟಿಫಿಕೇಟ್. ಅದನ್ನು ಮಾಡಿ. ಅಬುಧಾಬಿಯಾದರೆ ಓಶಾದ್ ಅಂತ ಅವರದೇ ಸುರಕ್ಷತಾ ನಿಯಮಗಳ ಚೌಕಟ್ಟು ಇದೆ, ಅದನ್ನೂ ಓದಿಕೊಳ್ಳಿ.

ಹಾಗಂತ 45001 ಓದಲೇಬೇಡಿ ಅಂತಲ್ಲ. ನಾನು ಬಂದಾಗ ಓಶಾಸ್ 18001 ಕಾಲ, ಅದು ಇದಕ್ಕೂ ಮುಂಚಿನ ಸುರಕ್ಷತಾ ಮಾನದಂಡ. 2018ರ ಮಾರ್ಚ್‌ನಲ್ಲಿ 45001 ಬಂತು, ಕಂಪನಿಗಳೆಲ್ಲ ಹಳೆಯದರಿಂದ ಇದಕ್ಕೆ ಬದಲಾಗಬೇಕಾಯಿತು. ಫೈಲುಗಳ ಹೆಸರು ಬದಲಾಯಿಸಿದರೆ ಸಾಕು ಅಂದುಕೊಂಡವರಲ್ಲಿ ನಾನೂ ಒಬ್ಬ. ಆಗ ನಾನಿದ್ದ ಕಂಪನಿಗೆ ಆಡಿಟರ್ ಬಂದರು. ಕಪಾಟಿನ ತುಂಬಾ ಜೋಡಿಸಿಟ್ಟಿದ್ದ ಫೈಲು ಅವರು ಮುಟ್ಟಲೇ ಇಲ್ಲ, ಸೀದಾ ಸ್ಕ್ಯಾಫೋಲ್ಡಿಂಗ್ ಕೆಳಗೆ ಹೋಗಿ, ಕಂಬಿ ಕಟ್ಟುತ್ತಿದ್ದ ತೆಲಂಗಾಣದ ಹುಡುಗನನ್ನು ಹಿಂದಿಯಲ್ಲಿ ಕೇಳಿದರು: ಅಪಾಯ ಅನಿಸಿದರೆ ನೀನು ಕೆಲಸ ನಿಲ್ಲಿಸಬಹುದಾ? ಹುಡುಗ ಉತ್ತರ ಕೊಡಲಿಲ್ಲ. ಫೋರ್‌ಮನ್ ಮುಖ ನೋಡಿದ. ಆಡಿಟರ್ ಸುಮ್ನೆ ಪುಸ್ತಕ ತೆಗೆದು ಬರೆದುಕೊಂಡರು. ಆಮೇಲೆ ಬೆಳಗಿನ ಟೂಲ್‌ಬಾಕ್ಸ್ ಮಾತಿನ (ಕೆಲಸಕ್ಕೆ ಮುಂಚೆ ಹೇಳುವ ಸುರಕ್ಷತೆಯ ಮಾತು) ಹಾಜರಿ ಹಾಳೆ ಕೇಳಿದರು, 62 ಸಹಿ ಇತ್ತು, ಅರ್ಧಕ್ಕರ್ಧ ಒಂದೇ ಪೆನ್ನು, ಒಂದೇ ಕೈ. ಆ ಹಾಳೆ ತುಂಬಿಸಿದ್ದು ನಾನೇ, ಬೇರೆ ಯಾರನ್ನು ಬೈಯಲಿ?

ಕೆಲಸಗಾರರನ್ನು ಕೇಳಿ, ಸೇರಿಸಿಕೊಂಡು ನಿರ್ಧಾರ ಮಾಡಬೇಕು ಅನ್ನುವುದಕ್ಕೆ 5.4 ಅಂತ ಒಂದು ಕಲಮೇ ಇದೆ. ಓದೋಕೆ ಸುಲಭ. ಆದರೆ ದೂರು ಹೇಳಿದರೆ ಊರಿಗೆ ಕಳಿಸುತ್ತಾರೆ ಅಂತ ಹೆದರಿದವನು ಕೈ ಕೊಯ್ದುಕೊಂಡರೂ ಗ್ಲೌಸ್ ಒಳಗೇ ಮುಚ್ಚಿಡುತ್ತಾನೆ. ಅವನ ಬಾಯಿ ಬಿಡಿಸುವುದೇ ನಿಮ್ಮ ಕೆಲಸ. ಅದಕ್ಕೆ ಇಂಗ್ಲಿಷ್‌ಗಿಂತ ಹಿಂದಿ ಜಾಸ್ತಿ ಬೇಕು, ನಾಲ್ಕು ಮಾತು ತೆಲುಗು, ಮಲಯಾಳಂ ಬಂದರೆ ಇನ್ನೂ ಒಳ್ಳೆಯದು. ಹೆಲ್ಮೆಟ್ ಹಾಕಿಲ್ಲ ಅಂತ ದಿನವಿಡೀ ಕೂಗುವ ಆಫೀಸರನ್ನು ಕಂಡರೆ ಹುಡುಗರು ದೂರ ಸರಿಯುತ್ತಾರೆ. ಅಪಾಯವನ್ನೇ ಮೊದಲು ತೆಗೆದುಹಾಕಿ ಅನ್ನುತ್ತದೆ 45001, ಅದರ ರಕ್ಷಣಾ ಕ್ರಮಗಳ ಪಟ್ಟಿಯಲ್ಲಿ ಹೆಲ್ಮೆಟ್ ಕೊನೆಯದು.

ಇನ್ನು ಬದುಕು. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆಯವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಇದು ಕಾನೂನು, ಮೀರಿದರೆ ಕಂಪನಿಗೆ ಒಬ್ಬೊಬ್ಬ ಕೆಲಸಗಾರನ ಲೆಕ್ಕದಲ್ಲಿ 5,000 ದಿರ್ಹಮ್ ದಂಡ. ಆದರೆ ಹನ್ನೊಂದೂವರೆ ಬಿಸಿಲು ಏನು ತಣ್ಣಗಿರುತ್ತಾ? ತಲೆ ಸುತ್ತಿ ಕೂತವನನ್ನು ಮೊದಲು ನೋಡಬೇಕಾದವರು ನೀವು.

ಏಜೆಂಟ್ ವೀಸಾಗೆ ಲಕ್ಷ ಕೇಳಿದರೆ ಎದ್ದು ಬನ್ನಿ. ಇಲ್ಲಿನ ಕಾನೂನಿನ ಪ್ರಕಾರ ಕೆಲಸಗಾರನಿಂದ ನೇಮಕಾತಿ ಖರ್ಚು ವಸೂಲಿ ಮಾಡುವಂತಿಲ್ಲ. ಪಾಸ್‌ಪೋರ್ಟ್ ಕೂಡ ನಿಮ್ಮ ಹತ್ತಿರವೇ ಇರಬೇಕು.

ಕಂಪನಿಯವರು ಸೇಫ್ಟಿ ಶೂ ಅಳತೆ ಕೇಳುತ್ತಾರೆ, ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ಕೊಡಿ. ನಾನು ಮೊದಲ ಮೂರು ತಿಂಗಳು ಕುಂಟಿದ್ದು ಅದಕ್ಕೇ.