ಹಳೆಯ ಪದಬಂಧ ಕಷ್ಟ ಯಾಕೆ?

ಓದುಗರ ಪತ್ರ: ನಮ್ಮ ದೊಡ್ಡಪ್ಪ ಪೇಪರಿನ ಪದಬಂಧಗಳನ್ನು ಕತ್ತರಿಸಿ ಹಳೆಯ ಲೆಕ್ಕದ ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದರು. ಮನೆ ಖಾಲಿ ಮಾಡುವಾಗ ಸಿಕ್ಕಿತು. ನಾನು ಕನ್ನಡ ಎಂ.ಎ. ಓದಿದವಳು, ಆದರೂ ಅರ್ಧ ಕೂಡ ಬಿಡಿಸಲು ಆಗಲಿಲ್ಲ. ನಿಮ್ಮ ಪತ್ರಿಕೆಯಲ್ಲಿ ಈಗ ‘ಸೀತೆಯ ಪತಿ (2)’ ಅಂತ ಕೇಳುತ್ತೀರಿ. ಆ ಮಟ್ಟ ಎಲ್ಲಿ, ಇದು ಎಲ್ಲಿ? ಕೆಲವು ಹಾಳೆಗಳ ಜೆರಾಕ್ಸ್ ಕಳಿಸಿದ್ದೇನೆ. ಇದ್ದ ಹಾಗೇ ಅಚ್ಚು ಹಾಕಿ. ನನ್ನ ಮಗ ಇದೆಲ್ಲ ಟೈಮ್ ವೇಸ್ಟ್ ಅನ್ನುತ್ತಾನೆ, ಅವನಿಗೂ ಒಂದು ಮಾತು ಹೇಳಿ.
ಓದುಗರು, ಉಡುಪಿ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನಿಮ್ಮ ಮಗನ ವಿಷಯ ಮುಗಿಸಿ ಬಿಡುವಾ. ಅವನ ಪಕ್ಷದಲ್ಲಿ ದೊಡ್ಡವರೇ ಇದ್ದಾರೆ. 1924ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಸಂಪಾದಕೀಯವನ್ನೇ ಬರೆದು ಪದಬಂಧದ ಹುಚ್ಚಿಗೆ ಬೈದಿತ್ತು, ಇದು ಪಾಪ ಅನ್ನುವಷ್ಟು ದೊಡ್ಡ ಕಾಲಹರಣ ಅಂತ. ಅದೇ ಪತ್ರಿಕೆ 1942ರ ಫೆಬ್ರುವರಿ 15ರಂದು, ಯುದ್ಧ ಜೋರಾಗಿ ನಡೆಯುತ್ತಿದ್ದಾಗ, ತನ್ನದೇ ಪದಬಂಧ ಶುರು ಮಾಡಿತು. ಇವತ್ತಿಗೂ ಬಿಟ್ಟಿಲ್ಲ. ಮಗನಿಗೆ ಇಷ್ಟು ಸಾಕು.

ಈಗ ನಿಮ್ಮ ಹತ್ತಿರ ಸ್ವಲ್ಪ ಜಗಳ ಇದೆ. ಹಿಂದಿನವರ ಮಟ್ಟ ಮೇಲಿತ್ತು, ಈಗಿನದು ಕೆಳಗಿದೆ ಅಂತ ಬರೆದಿದ್ದೀರಿ ಅಲ್ವಾ, ಅದನ್ನು ನಾನು ಒಪ್ಪುವುದಿಲ್ಲ. ನೀವು ಕಳಿಸಿದ ಹಾಳೆಗಳನ್ನು ಒಂದೊಂದಾಗಿ ನೋಡಿದೆ. ನಿಮಗೆ ಬಿಡಿಸಲು ಆಗದ ಸುಳಿವುಗಳಲ್ಲಿ ಹೆಚ್ಚಿನವು ಬರೆದ ದಿನ ಕಷ್ಟದವು ಆಗಿರಲೇ ಇಲ್ಲ. ಅಂಗಡಿಗೆ ಹೋಗಿ ಬರುವ ಹುಡುಗ ಕೂಡ ಉತ್ತರ ಹೇಳುತ್ತಿದ್ದ. ಒಂದು ನೋಡಿ: ‘ರೂಪಾಯಿಗೆ ಹದಿನಾರು (2)’, ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಲೆಕ್ಕ. ಉತ್ತರ ಆಣೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ರೂಪಾಯಿಗೆ ನೂರು ಪೈಸೆ ಆಯಿತು. ಆಮೇಲೂ ಎಷ್ಟೋ ವರ್ಷ ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಉಳಿದಿತ್ತು. 2011ರಲ್ಲಿ ಇಪ್ಪತ್ತೈದು ಪೈಸೆ ನಾಣ್ಯವೂ ಚಲಾವಣೆಯಿಂದ ಹೋಯಿತು. ಈಗ ಕಾಲೇಜು ಮಕ್ಕಳ ಹತ್ತಿರ ‘ರೂಪಾಯಿಗೆ ಹದಿನಾರು’ ಅಂತ ಕೇಳಿದರೆ ಅವರು ಬಾಳೆಹಣ್ಣಿನ ರೇಟು ಅಂದುಕೊಳ್ಳಬಹುದು. ಸುಳಿವು ಇದ್ದಲ್ಲೇ ಇದೆ, ಅದರ ಸುತ್ತ ಇದ್ದ ಲೋಕ ಖಾಲಿಯಾಗಿದೆ.

ಇನ್ನೊಂದು ಹಾಳೆಯಲ್ಲಿ ಇದೇ ಉತ್ತರಕ್ಕೆ ಬೇರೆ ಯಾರೋ ಬರೆದ ಸುಳಿವು ಇದೆ, ಗಮನಿಸಿದಿರಾ? ‘ಹದಿನಾರು ಇಟ್ಟರೆ ರೂಪಾಯಿ, ಒಂದು ಇಟ್ಟರೆ ಪ್ರಮಾಣ (2)’. ಇದನ್ನು ನಮ್ಮ ಕಚೇರಿಯ ಚಿಕ್ಕ ಹುಡುಗಿಗೆ ಕೊಟ್ಟೆ. ಅವಳಿಗೆ ಹದಿನಾರರ ಲೆಕ್ಕ ಗೊತ್ತಿರಲಿಲ್ಲ. ಆದರೆ ಪ್ರಮಾಣ ಅಂದ ಕೂಡಲೇ ಆಣೆ ಇಡುವುದು ನೆನಪಾಯಿತು. ನಮ್ಮ ಜಿಲ್ಲೆಗಳಲ್ಲಿ ದೈವದ ಮುಂದೆ ಆಣೆ ಇಡುವ ಮಾತು ಯಾರಿಗೆ ಗೊತ್ತಿಲ್ಲ ಮಾರಾಯ್ರೆ! ಉತ್ತರ ಸಿಕ್ಕಿದ ಮೇಲೆ ರೂಪಾಯಿಯ ಲೆಕ್ಕವನ್ನೂ ಅವಳೇ ಕೇಳಿ ತಿಳಿದುಕೊಂಡಳು. ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ತೆರೆದಿತ್ತು.

ನನ್ನ ವಾದ ಇಷ್ಟೇ. ನಿಮಗೆ ಏನು ಗೊತ್ತಿದೆ ಅಂತ ಪರೀಕ್ಷೆ ಮಾಡುವ ಸುಳಿವು ಬೇಗ ಹಳಸುತ್ತದೆ. ಉತ್ತರವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಬರುವ ಸುಳಿವು ಉಳಿಯುತ್ತದೆ. ‘ತಂತಿ’ಗೂ ನಿಮ್ಮ ಹಾಳೆಗಳಲ್ಲಿ ಎರಡು ಸುಳಿವು ಇವೆ. ‘ಅಂಚೆಯವ ತಂದರೆ ಮನೆಯಲ್ಲಿ ಗಾಬರಿ (2)’ ಅನ್ನುವುದು 2013ರ ಜುಲೈಯಲ್ಲಿ ಟೆಲಿಗ್ರಾಮ್ ಸೇವೆ ನಿಂತ ದಿನವೇ ಸತ್ತಿತು ಅಂತ ಲೆಕ್ಕ. ‘ವೀಣೆಯಲ್ಲಿ ನಾದ, ಅಂಚೆಯಲ್ಲಿ ಗಾಬರಿ (2)’ ಅನ್ನುವುದು ವೀಣೆ ಇರುವಷ್ಟು ಕಾಲ ನಡೆಯುತ್ತದೆ.

ಇದು ಕನ್ನಡದ ಕಥೆ ಮಾತ್ರ ಅಂದುಕೊಳ್ಳಬೇಡಿ. ಪದಬಂಧ ಹುಟ್ಟಿದ ದಿನವೇ ಈ ತೊಂದರೆಯೂ ಹುಟ್ಟಿದೆ. ಆರ್ಥರ್ ವಿನ್ ಅನ್ನುವವರು 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಮೊದಲ ಪದಬಂಧ ಕೊಟ್ಟರು. ಅವರು ಲಿವರ್‌ಪೂಲಿನಿಂದ ಅಮೆರಿಕಕ್ಕೆ ಹೋದವರು. ಆಗ ಅದರ ಹೆಸರು ‘ವರ್ಡ್-ಕ್ರಾಸ್’. ಆಕಾರ ವಜ್ರದ್ದು, ಅಂದರೆ ಇಸ್ಪೀಟಿನ ಡೈಮಂಡ್ ಇದೆಯಲ್ಲ, ಹಾಗೆ. ಅದರಲ್ಲಿ ‘ಗೊಮುತಿ ತಾಳೆಯ ನಾರು’ ಅಂತ ಒಂದು ಸುಳಿವು. ಉತ್ತರ ‘ಡೋ’! ಆಗ್ನೇಯ ಏಷ್ಯಾದ ಒಂದು ತಾಳೆ ಮರದ ನಾರಿನ ಹೆಸರು ನ್ಯೂಯಾರ್ಕಿನಲ್ಲಿ ಕಾಫಿ ಕುಡಿಯುತ್ತಾ ಕುಳಿತವನಿಗೆ ಹೇಗೆ ಗೊತ್ತಾಗಬೇಕು? ತೆಂಗಿನ ನಾರು ಕೇಳಿದ್ದರೆ ನಾವಾದರೂ ಹೇಳುತ್ತಿದ್ದೆವು. ‘ಡವ್’ ಅನ್ನುವ ಪದವಂತೂ ಅದೇ ಪದಬಂಧದಲ್ಲಿ ಎರಡು ಸಲ ಬಂದಿದೆ, ಒಂದು ಕಡೆ ‘ಒಂದು ಹಕ್ಕಿ’, ಇನ್ನೊಂದು ಕಡೆ ‘ಪಾರಿವಾಳ’. ಇವತ್ತು ನಮ್ಮಲ್ಲಿ ಯಾರಾದರೂ ಹಾಗೆ ಮಾಡಿ ಕಳಿಸಿದರೆ ವಾಪಸ್ ಕಳಿಸುತ್ತೇನೆ. ಹಳೆಯದು ಅಂದ ಮಾತ್ರಕ್ಕೆ ಕೈ ಮುಗಿಯಬೇಕಾಗಿಲ್ಲ ಅಂತ ಇದನ್ನು ಹೇಳಿದ್ದು.

ಅದೇ ಪದಬಂಧದಲ್ಲಿ ‘ಸಮುದ್ರ ತೀರದಲ್ಲಿ ಕಾಣುವಂಥದು’ ಅಂತ ಇನ್ನೊಂದು ಸುಳಿವು ಇದೆ. ಉತ್ತರ ಮರಳು. ಸಪ್ಪೆ ಸುಳಿವು. ಇದನ್ನೇ ಕನ್ನಡದಲ್ಲಿ ಹೀಗೆ ಬರೆಯಬಹುದು: ‘ಮಲ್ಪೆಯಲ್ಲಿ ತುಂಬಾ ಇದೆ, ಹಿಂದಿರುಗು (3)’. ಓದಿದವರಿಗೆ ಜನಜಂಗುಳಿ, ಟ್ರಾಫಿಕ್ ನೆನಪಾಗುತ್ತದೆ. ಉತ್ತರ ಮಾತ್ರ ಅದೇ, ಮರಳು.

ಕಾಲದಿಂದ ಹಳಸಿದ ಹಾಗೆ ಊರಿನಿಂದಲೂ ಸುಳಿವು ಹಳಸುತ್ತದೆ. ‘ಅಕ್ಕಿ ಕಟ್ಟಿಡುವುದು (2)’ ಅಂತ ನಿಮ್ಮ ಹಾಳೆಯಲ್ಲಿ ಇದೆ. ನಿಮಗೂ ನನಗೂ ಮುಡಿ ಅಂತ ಕೂಡಲೇ ಹೊಳೆಯುತ್ತದೆ. ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ನೋಡದ ಧಾರವಾಡದವರು ಚೀಲ, ಮೂಟೆ ಅಂತೆಲ್ಲ ಬರೆದು ಅಳಿಸಿ ಸುಸ್ತಾಗುತ್ತಾರೆ. ‘ಅಕ್ಕಿಗೆ ಹುಲ್ಲಿನದು, ಮಲ್ಲಿಗೆಗೆ ಕೂದಲಿನದು (2)’ ಅಂದಿದ್ದರೆ ಅವರಿಗೂ ದಾರಿ ಇರುತ್ತಿತ್ತು, ನಮಗೂ ಖುಷಿ ಇರುತ್ತಿತ್ತು.

ಇನ್ನು ‘ಸೀತೆಯ ಪತಿ’. ಇದರ ಬಗ್ಗೆ ನೀವೊಬ್ಬರೇ ಬರೆದದ್ದಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಇರುವುದು ಒಟ್ಟು 26. ಅಮೆರಿಕದ ಪದಬಂಧದಲ್ಲಿ ಪ್ರತಿ ಅಕ್ಷರವೂ ಅಡ್ಡಕ್ಕೂ ಉದ್ದಕ್ಕೂ ಸೇರುತ್ತದೆ. ಒಂದು ಸುಳಿವು ಗೊತ್ತಾಗದಿದ್ದರೂ ಅಡ್ಡ ಬಂದ ಪದಗಳು ಅದನ್ನು ತುಂಬಿಸಿಕೊಡುತ್ತವೆ. ನಮ್ಮ ಚೌಕದಲ್ಲಿ ಕೂರುವುದು ಗುಣಿತ, ಒತ್ತು ಎಲ್ಲ ಸೇರಿದ ಪೂರ್ತಿ ಅಕ್ಷರ. ಎಡದಿಂದ ಬಲಕ್ಕೆ ‘ಕುಮಾರ’ ಬಂದರೆ ನಡುವಿನ ಮನೆಯಲ್ಲಿ ‘ಮಾ’ ಕೂತಿತು. ಮೇಲಿನಿಂದ ಕೆಳಕ್ಕೆ ಅಲ್ಲಿ ‘ಮಾವು’ ಬರಬಹುದು, ‘ಸಮಾಜ’ ಬರಬಹುದು. ‘ಮರ’ ಬರುವ ಹಾಗಿಲ್ಲ, ‘ಮೀನು’ ಬರುವ ಹಾಗಿಲ್ಲ. ‘ಪುಸ್ತಕ’ ಇಟ್ಟರೆ ಇನ್ನೂ ಕಷ್ಟ. ನಡುವಿನ ‘ಸ್ತ’ಕ್ಕೆ ‘ಹಸ್ತ’, ‘ಸಮಸ್ತ’ ಅಂತ ಹುಡುಕಬೇಕು. ‘ಬಸ್ತಿ’ ಇಡೋಣ ಅಂದರೆ ಅದು ‘ಸ್ತಿ’, ಸೇರುವುದಿಲ್ಲ. ಹೀಗಾಗಿ ಕನ್ನಡದ ಪದಬಂಧದಲ್ಲಿ ಪದಗಳು ಚಿಕ್ಕವು, ಕಪ್ಪು ಚೌಕ ಜಾಸ್ತಿ, ಪದಕ್ಕೆ ಪದ ಸೇರುವ ಜಾಗ ಕಡಿಮೆ. ಅಡ್ಡದ ಪದ ಸಹಾಯಕ್ಕೆ ಬರುವುದೂ ಕಡಿಮೆ. ಸುಳಿವು ಕೈಕೊಟ್ಟರೆ ಆ ಮೂಲೆ ಹಾಗೇ ಖಾಲಿ ಉಳಿಯುತ್ತದೆ, ನಿಮ್ಮ ದೊಡ್ಡಪ್ಪನ ಹಾಳೆಗಳಲ್ಲಿ ನಿಮಗೆ ಆದದ್ದೂ ಅದೇ. ಹಾಗಾಗಿ ‘ಸೀತೆಯ ಪತಿ’ಯಂಥ ನಾಲ್ಕೈದು ಸುಳಿವುಗಳನ್ನು ನಾವು ಬೇಕೆಂದೇ ಇಡುತ್ತೇವೆ. ಕಾಲಿಡಲು ಒಂದು ಕಲ್ಲು ಬೇಕಲ್ವಾ. ನಿಮಗೆ ಅದು ಬೇಡ ಅನ್ನಿಸಿದರೆ ಅದನ್ನು ಕೊನೆಗೆ ತುಂಬಿಸಿ, ಪದಬಂಧ ತನ್ನಷ್ಟಕ್ಕೆ ಕಷ್ಟವಾಗುತ್ತದೆ.

ಕಷ್ಟಕ್ಕೂ ಮೋಸಕ್ಕೂ ವ್ಯತ್ಯಾಸ ಇದೆ. ಇಂಗ್ಲೆಂಡಿನಲ್ಲಿ ಆಫ್ರಿಟ್ ಅನ್ನುವ ಹೆಸರಿನಲ್ಲಿ ಪದಬಂಧ ಮಾಡುತ್ತಿದ್ದವರು 1949ರಲ್ಲಿ ಒಂದು ನಿಯಮ ಹಾಕಿದರು: ಸುಳಿವಿನ ಮೇಲ್ನೋಟದ ಅರ್ಥ ಸುಳ್ಳಾದರೂ ಅಡ್ಡಿಯಿಲ್ಲ, ಆದರೆ ನಿಜವಾದ ಅರ್ಥ ಆ ಮಾತುಗಳಲ್ಲೇ ಸರಿಯಾಗಿ ಇರಬೇಕು. ಇದನ್ನು ಹಿಡಿದು ನಿಮ್ಮ ಹಾಳೆಗಳನ್ನು ಮತ್ತೆ ನೋಡಿದೆ. ‘ಆನೆಯನ್ನು ಎಣ್ಣೆಗೆ ಹಾಕು (2)’ ಓದಿ ಜೋರಾಗಿ ನಕ್ಕೆ. ಉತ್ತರ ಕರಿ. ಆದರೆ ಆ ‘ಅನ್ನು’ ಇದೆಯಲ್ಲ, ಅದು ಅಲ್ಲಿ ಸುಮ್ನೆ ಕೂತಿದೆ, ಉತ್ತರಕ್ಕೆ ಅದರಿಂದ ಏನೂ ಇಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಥ ಕಡೆ ಸುಳಿವು ಬರೆಯುವವರ ಪಾಡು ಕೇಳಬೇಡಿ. ‘ಕಪ್ಪು ಆನೆ (2)’ ಅಂದಿದ್ದರೆ ಎರಡೂ ಅರ್ಥ ಸರಿಯಾಗಿ ಕೂರುತ್ತಿತ್ತು, ನಗು ಮಾತ್ರ ಹೋಗುತ್ತಿತ್ತು. ಯಾವುದು ಬೇಕು? ನಾನಾದರೆ ಎಣ್ಣೆಯ ಆನೆಯನ್ನೇ ಇಟ್ಟುಕೊಂಡು ಆಫ್ರಿಟ್ ಹತ್ತಿರ ಬೈಸಿಕೊಳ್ಳುತ್ತಿದ್ದೆ.

‘ಮಾಡಿನ ಮೇಲಿನದು ಎಲ್ಲರಿಗೂ ಕೊಡು (2)’ ಅನ್ನುವುದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹಂಚು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ಎಲ್ಲೆಲ್ಲಿಗೋ ಹೋಯಿತು. ಈಗ ಎಲ್ಲ ಮನೆಗೂ ತಾರಸಿ ಬರುತ್ತಿದೆ. ಆದರೂ ಈ ಸುಳಿವು ಸಾಯುವುದಿಲ್ಲ, ಹಂಚುವ ಕೆಲಸ ನಿಲ್ಲುವುದಿಲ್ಲವಲ್ಲ.

‘ಕವಿಶಿಷ್ಯ ಉಡುವುದು (2)’ ಅನ್ನುವುದಕ್ಕೆ ನೀವು ಪ್ರಶ್ನೆ ಚಿಹ್ನೆ ಹಾಕಿದ್ದೀರಿ. ಕವಿಶಿಷ್ಯ ಅಂದರೆ ಪಂಜೆ ಮಂಗೇಶರಾಯರ ಕಾವ್ಯನಾಮ. ಉಡುವುದೂ ಪಂಜೆ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ ಹೆಸರಿನಲ್ಲೇ ಪಂಜೆ ಇದೆ ಅಂತ ನನಗೆ ಈ ವಯಸ್ಸಿನವರೆಗೆ ಹೊಳೆದಿರಲಿಲ್ಲ ಮಾರಾಯ್ರೆ. ಇದರ ಕಾವ್ಯನಾಮದ ಅರ್ಧ ಮರೆಯಾಗಬಹುದು, ಬಟ್ಟೆಯ ಅರ್ಧ ಉಳಿಯುತ್ತದೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ನಿಮ್ಮ ಊರಿನದ್ದೇ: ‘ಕಿಂಡಿಯ ಆಚೆಯಿಂದ ನೋಡಿದರೂ ಈಚೆಯಿಂದ ನೋಡಿದರೂ ಅದೇ ದಾಸ (3)’. ಕನಕ. ಹಿಂದಿನಿಂದ ಓದಿದರೂ ಕನಕ. ಮುಂಡಿಗೆ, ಅಂದರೆ ಒಗಟಿನಂಥ ಹಾಡು ಬರೆದು ಓದುವವರ ತಲೆ ತಿನ್ನುತ್ತಿದ್ದ ದಾಸರಿಗೆ ಈ ಸುಳಿವು ಇಷ್ಟವಾಗುತ್ತಿತ್ತು ಅಂತ ನನ್ನ ನಂಬಿಕೆ. ನಮ್ಮ ಅಕ್ಷರದ ಲೆಕ್ಕದಲ್ಲಿ ಇಂಥ ಆಟಗಳು ತುಂಬಾ ಸುಲಭ. ‘ನದಿ’ ತಿರುಗಿಸಿದರೆ ‘ದಿನ’ ಆಗುತ್ತದೆ. ‘ಜರಾ’ ತಿರುಗಿಸಿದರೆ ‘ರಾಜ’, ಅಂದರೆ ಮುಪ್ಪು ಹಿಂದೆ ಹೋದರೆ ಅರಸ. ಗುಣಿತ ನಮ್ಮ ಚೌಕಗಳಿಗೆ ಕಷ್ಟ ಕೊಟ್ಟರೂ ಇಲ್ಲಿ ಕೈಹಿಡಿಯುತ್ತದೆ.

ಹಾಗಾದರೆ ಅಚ್ಚು ಹಾಕುವ ವಿಷಯ. ಇದ್ದ ಹಾಗೇ ಎಲ್ಲವನ್ನೂ ಹಾಕುವುದಿಲ್ಲ. ಈಗಲೂ ಬಿಡಿಸಲು ಆಗುವ ಹಾಳೆಗಳನ್ನು ಆರಿಸಿ ತಿಂಗಳಿಗೆ ಒಂದರಂತೆ ಹಾಕುತ್ತೇವೆ, ಸುಳಿವಿನ ಒಂದು ಅಕ್ಷರವನ್ನೂ ತಿದ್ದುವುದಿಲ್ಲ. ಹಳಸಿದ ಸುಳಿವಿಗೆ ಹೊಸ ಸುಳಿವು ಬರೆದು ತುರುಕಿ ಅಂತ ನಮ್ಮಲ್ಲೇ ಒಬ್ಬರು ಹೇಳಿದರು, ನಾನು ಬೇಡ ಅಂದೆ. ಬೇಕಾದರೆ ಪಕ್ಕದಲ್ಲಿ ವರ್ಷ ಬರೆಯುತ್ತೇವೆ. ‘ರೂಪಾಯಿಗೆ ಹದಿನಾರು’ ಎದುರಿಗೆ ವರ್ಷ ಕಂಡರೆ ಓದುಗರು ಯೋಚನೆ ಮಾಡುವ ದಾರಿಯೇ ಬೇರೆ ಆಗುತ್ತದೆ. ಉತ್ತರದ ಜೊತೆ ಅದು ಹೇಗೆ ಬಂತು ಅಂತಲೂ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಬರೀ ಉತ್ತರ ಕೊಟ್ಟು ಸುಮ್ಮನಾಗುವ ಪದಬಂಧ ನನಗೆ ಮೊದಲಿನಿಂದಲೂ ಸೇರುವುದಿಲ್ಲ.

ಒಂದು ಕೆಲಸ ನಿಮ್ಮಿಂದ ಆಗಬೇಕು. ಕನಕ ಇರುವ ಹಾಳೆಯ ಜೆರಾಕ್ಸಿನಲ್ಲಿ ಕೆಳಗಿನ ಬಲಮೂಲೆ ಬಂದಿಲ್ಲ, ಮೇಲಿನಿಂದ ಕೆಳಕ್ಕೆ ಬರುವ ಕೊನೆಯ ಎರಡು ಸುಳಿವು ಕಾಣುತ್ತಿಲ್ಲ. ಮೂಲ ಪುಸ್ತಕದಲ್ಲಿ ಅದು ಇದ್ದರೆ ಫೋಟೋ ತೆಗೆದು ಕಳಿಸಿ. ಹಾಳೆಯ ಹಿಂಬದಿಯಲ್ಲಿ ತಾರೀಕು ಏನಾದರೂ ಇದೆಯೋ ಅಂತಲೂ ನೋಡಿ. ಅಂಟು ಬಿಡಿಸಲು ಹೋಗಬೇಡಿ, ದೀಪಕ್ಕೆ ಹಿಡಿದರೆ ಕಾಣುತ್ತದೆ.