ಅಟ್ಟದ ಕೆಳಗಿನ ಡಾಲ್ಫಿನ್: ರಿಪೇರಿ ಮಾಡಿಸೋದಾ, ಬಿಚ್ಚಿ ಮಾರೋದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ನಮ್ಮ ತಂದೆ 1984ರಲ್ಲಿ ಬೆಂಗಳೂರಿನಿಂದ ಒಂದು ಸಿಪಾನಿ ಡಾಲ್ಫಿನ್ ಕಾರು ತಂದಿದ್ದರು. ಕೊಬ್ಬರಿ ಅಟ್ಟದ ಕೆಳಗೆ ಅದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಹೋದ ವರ್ಷ ತಂದೆ ತೀರಿಕೊಂಡರು. ಎಂಜಿನ್ ಜಾಮ್ ಆಗಿದೆ. ಬಾನೆಟ್ ಮೇಲೆಲ್ಲ ಸೀಳು ಬಿಟ್ಟಿದೆ. ಸೀಟಿನಲ್ಲಿ ಇಲಿ ಗೂಡು ಕಟ್ಟಿದೆ. ಗಾಜು, ಲೈಟು ಎಲ್ಲಾ ಸರಿಯಾಗಿವೆ, ಆರ್‌ಸಿ ಪುಸ್ತಕ ಬೀರುವಿನಲ್ಲಿದೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿದ, ಅದರಲ್ಲೂ "ಫೈಬರ್‌ಗೆ ದುಡ್ಡಿಲ್ಲ" ಅಂದ. ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ಸಿಗುತ್ತದೆ ಅಂತ ನಮ್ಮ ಅಣ್ಣ ಹೇಳುತ್ತಾರೆ. ನನ್ನ ಮಗನಿಗೆ ಅದನ್ನು ಓಡಿಸುವ ಆಸೆ. ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
— ಎಸ್. ಕೆ., ತಿಪಟೂರು ತಾಲ್ಲೂಕು

ಉತ್ತರ: ಮೇಡಂ, ನಿಮ್ಮ ಫೋಟೋ ನೋಡಿ ನಮ್ಮ ಗ್ಯಾರೇಜಿನ ಹುಡುಗ "ಇದ್ಯಾವ ಕಂಪನಿ ಸರ್?" ಅಂದ. ಬೆಂಗಳೂರಿನಲ್ಲೇ ತಯಾರಾದ ಕಾರು, ಬೆಂಗಳೂರಿನ ಹುಡುಗನಿಗೇ ಗೊತ್ತಿಲ್ಲ. ಅವನನ್ನು ಬೈದು ಏನು ಪ್ರಯೋಜನ? ಓಡುತ್ತಿದ್ದ ಕಾಲದಲ್ಲೂ ಇದನ್ನು ಕೇಳುವವರು ಕಡಿಮೆಯೇ ಇದ್ದರು.

ಮಗನಿಗೆ ಹೇಳಲು ಬೇಕಾಗುತ್ತದೆ, ಕೇಳಿ. ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ (ಆಮೇಲೆ ಸಿಪಾನಿ ಆಟೋಮೊಬೈಲ್ಸ್ ಆಗಿದ್ದು ಇದೇ) ಅನ್ನುವ ಬೆಂಗಳೂರಿನ ಕಂಪನಿ ಮೊದಲು ಬಾದಲ್ ಅಂತ ಮೂರು ಚಕ್ರದ ಫೈಬರ್ ಕಾರು ಮಾಡಿತು. ಆಮೇಲೆ 1982ರಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರೇ ಇಲ್ಲಿ ಡಾಲ್ಫಿನ್ ಆಗಿದ್ದು. ರಿಲಯಂಟ್, ನಮ್ಮ ರಿಲಯನ್ಸ್ ಅಲ್ಲ. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಕೆಳಗೆ ಕಬ್ಬಿಣದ ಚಾಸಿಸ್, ಮೇಲೆ ಫೈಬರ್ ಬಾಡಿ, ಎರಡೇ ಬಾಗಿಲು. ನಮ್ಮ ಜನಕ್ಕೆ ಹಿಂದಿನ ಸೀಟಿಗೆ ಅತ್ತೆಯನ್ನು ನುಗ್ಗಿಸುವ ಕಾರು ಬೇಕಿರಲಿಲ್ಲ. "ಪ್ಲಾಸ್ಟಿಕ್ ಕಾರು" ಅಂತ ಮೂಗು ಮುರಿದರು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಕಥೆ ಮುಗಿಯಿತು. 1987ರಲ್ಲಿ ನಾಲ್ಕು ಬಾಗಿಲಿನ ಮೊಂಟಾನಾ ಮಾಡಿದರು, ಅಷ್ಟರಲ್ಲಿ ತಡವಾಗಿತ್ತು. ಡಾಲ್ಫಿನ್ನನ್ನು ನಿಜವಾಗಿ ಮೆಚ್ಚಿದವರು ರೇಸಿನವರು. ಹಗುರವಾದ ಕಾರು ನೋಡಿ, ಮದ್ರಾಸಿನ ಶೋಲಾವರಂ ಟ್ರ್ಯಾಕ್‌ನಲ್ಲಿ ದೊಡ್ಡ ಕಾರುಗಳಿಗೆ ನೀರು ಕುಡಿಸುತ್ತಿತ್ತು.

ಈಗ ನಿಮ್ಮ ಅಣ್ಣನ ಲೆಕ್ಕಕ್ಕೆ ಬರೋಣ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ಅನ್ನುವುದು ಪದ್ಮಿನಿಗೆ, ಕಾಂಟೆಸ್ಸಾಗೆ ಸರಿ. ಕಾಂಟೆಸ್ಸಾದ ಒಂದು ಟೇಲ್ ಲೈಟ್ ಇದೆ ಅಂದರೆ ಸಂಜೆಯೊಳಗೆ ಫೋನು ಬರುತ್ತದೆ. ಯಾಕೆ? ರಸ್ತೆಯಲ್ಲಿ ಕಾಂಟೆಸ್ಸಾ ಇವೆ, ಅವುಗಳಿಗೆ ಲೈಟು ಬೇಕು. ಡಾಲ್ಫಿನ್ ಲೈಟು ಯಾರಿಗೆ ಬೇಕು? ಇನ್ನೊಂದು ಡಾಲ್ಫಿನ್ ಇಟ್ಟುಕೊಂಡವರಿಗೆ ಮಾತ್ರ. ಅವರು ಬೆರಳೆಣಿಕೆಯಷ್ಟು ಜನ. ಅವರಿಗೂ ಎಲ್ಲಾ ಬೇಡ. ಒಬ್ಬರಿಗೆ ಮುಂದಿನ ಗಾಜು, ಇನ್ನೊಬ್ಬರಿಗೆ ಗೇರ್‌ಬಾಕ್ಸ್. ಅಪರೂಪದ ಸಾಮಾನು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಕೇಳುವವರಿರಬೇಕು. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ತೆಗೆದುಕೊಂಡು ಹೋಗಿ ನೋಡಿ. ಟೀ ಕುಡಿಸಿ ವಾಪಸ್ ಕಳಿಸುತ್ತಾರೆ.

ಬಿಚ್ಚಿದ ಮೇಲೆ ಇನ್ನೊಂದು ತಲೆನೋವು. ಕಬ್ಬಿಣದ ಬಾಡಿಯನ್ನು ಗುಜರಿಯವನು ಲಾರಿಗೆ ಹೇರಿಕೊಂಡು ಹೋಗುತ್ತಾನೆ. ಫೈಬರ್ ಚಿಪ್ಪನ್ನು ಮುಟ್ಟುವುದಿಲ್ಲ. ಅದು ನಿಮ್ಮ ಹಿತ್ತಿಲಲ್ಲೇ ಉಳಿಯುತ್ತದೆ. ಸುಟ್ಟುಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಹೊಗೆ ಕೆಟ್ಟದ್ದು.

ಹಾಗಂತ ರಿಪೇರಿ ಲಾಭ ಅಂತಲೂ ನಾನು ಹೇಳುತ್ತಿಲ್ಲ. ಎಂಜಿನ್, ಬ್ರೇಕ್, ವೈರಿಂಗ್, ಟೈರು, ಬಣ್ಣ ಅಂತ ಹೋದರೆ ಲಕ್ಷ ಸುಲಭವಾಗಿ ದಾಟುತ್ತದೆ. ಮಾರುವಾಗ ಅದು ವಾಪಸ್ ಬರುವುದಿಲ್ಲ. ಬರುತ್ತದೆ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಅವನ ಕೈಗೆ ಕೀ ಕೊಡಬೇಡಿ.

ಅದಕ್ಕೇ ದುಡ್ಡಿನ ಮಾತು ಬದಿಗಿಟ್ಟು ಮೊದಲು ಕಾರಿನ ಕೆಳಗೆ ಮಲಗಿ. ನೀವಲ್ಲ, ಮಗನನ್ನು ಮಲಗಿಸಿ. ಫೈಬರ್‌ಗೆ ತುಕ್ಕು ಹಿಡಿಯುವುದಿಲ್ಲ, ಅದೇ ಇದರ ಮೋಸ. ಮೇಲೆ ಲಕಲಕ ಅನ್ನುತ್ತಿದ್ದರೂ ಕೆಳಗಿನ ಚಾಸಿಸ್ ಹಪ್ಪಳ ಆಗಿರಬಹುದು. ಹಳೇ ಸ್ಕ್ರೂಡ್ರೈವರ್ ತೆಗೆದುಕೊಂಡು ಚಾಸಿಸ್ಸನ್ನು ಗೇಣಿಗೊಂದು ಕಡೆ ಒತ್ತಿ ಚುಚ್ಚಲಿ, ಹಿಡಿಯಿಂದ ಕುಟ್ಟಲಿ. ಟಣ್ ಅಂದರೆ ಸರಿ. ಡಬ್ ಅಂದರೆ, ಪುಡಿ ಉದುರಿದರೆ, ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಮುಖ್ಯವಾಗಿ ಹಿಂದಿನ ಕಮಾನ್ ಪಟ್ಟಿ ಕೂರುವ ಜಾಗ ಮತ್ತು ಬಾಡಿಯ ಬೋಲ್ಟು ಇಳಿಯುವ ಜಾಗ ನೋಡಲಿ. ಮಣ್ಣು ನಿಲ್ಲುವುದು ಅಲ್ಲೇ. ನನ್ನ ಅಂದಾಜು, ನಿಮ್ಮದು ಪಾಸಾಗುತ್ತದೆ. ಕೊಬ್ಬರಿಗೆ ತೇವ ತಾಗಬಾರದು ಅಂತ ಕಟ್ಟಿದ ಮನೆ ಅದು. ಬೆಂಗಳೂರಿನ ಬೀದಿಬದಿಯಲ್ಲಿ ನಿಂತ ಕಾರಿಗೆ ಈ ಭಾಗ್ಯ ಇಲ್ಲ.

ಇನ್ನು ಎಂಜಿನ್. ಇಲ್ಲೇ ಎಲ್ಲರೂ ಕೆಡಿಸುವುದು, ಸ್ವಲ್ಪ ನಿಧಾನವಾಗಿ ಓದಿ. ಜಾಮ್ ಆಗಿದೆ ಅಂತ ಗೇರಿಗೆ ಹಾಕಿ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯಬೇಡಿ. ಊರಲ್ಲಿ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸ್ವಲ್ಪ ಸುರಿದು ಒಂದು ವಾರ ಸುಮ್ನೆ ಬಿಡಿ. ಮಧ್ಯೆ ಮಧ್ಯೆ ಇನ್ನಷ್ಟು ಹಾಕಿ. ಆಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ಮುಂದೆ ಬೆಲ್ಟ್ ಕೂರುವ ಚಕ್ರ) ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಒಂಚೂರು ಆ ಕಡೆ, ಒಂಚೂರು ಈ ಕಡೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಿರಿ. ಅಲುಗದಿದ್ದರೆ ಪೈಪು ಸಿಕ್ಕಿಸಿ ಬಲ ಹಾಕಬೇಡಿ, ಮತ್ತೆ ಆಯಿಲ್ ಹಾಕಿ ಕಾಯಿರಿ.

ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚುವ ಸಂದರ್ಭ ಬಂದರೆ ಇನ್ನೂ ಹುಷಾರು. ಅಲ್ಯೂಮಿನಿಯಂ ಹೆಡ್ಡು, ಕಬ್ಬಿಣದ ಸ್ಟಡ್ಡು. ಇಷ್ಟು ವರ್ಷದಲ್ಲಿ ಎರಡೂ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಹೆಡ್ಡು ಕಚ್ಚು ಬೀಳುತ್ತದೆ. ಇನ್ನೊಂದು ವಿಷಯ ಮಾರುತಿ ಕೆಲಸ ಕಲಿತ ಹುಡುಗರಿಗೆ ಗೊತ್ತಿರುವುದಿಲ್ಲ. ಈ ಎಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಕೊಳವೆಗಳು, ಅಂದರೆ ಲೈನರ್‌ಗಳು ಎಂಜಿನ್ ತಂಪು ಮಾಡುವ ನೀರಿನಲ್ಲೇ ನಿಂತಿರುತ್ತವೆ. ಹೆಡ್ಡೇ ಅವನ್ನು ಒತ್ತಿ ಹಿಡಿದಿರುವುದು. ಹೆಡ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜತೆ ಲೈನರೂ ಮೇಲೆದ್ದು ಕೆಳಗಿನ ಸೀಲ್ ಹೋಗುತ್ತದೆ. ಆಮೇಲೆ ನೀರೆಲ್ಲ ಆಯಿಲ್‌ಗೆ ಇಳಿಯುತ್ತದೆ. ಲೈನರ್‌ಗಳನ್ನು ವಾಷರ್, ನಟ್ಟು ಹಾಕಿ ಒತ್ತಿ ಕಟ್ಟಿಯೇ ತಿರುಗಿಸಬೇಕು. "ಲೈನರ್ ಕಟ್ಟುತ್ತೀರಾ?" ಅಂತ ಮೆಕ್ಯಾನಿಕ್‌ನನ್ನು ಕೇಳಿ. ಯಾವ ಲೈನರ್ ಅಂದರೆ ಬೇರೆಯವರನ್ನು ಹುಡುಕಿ.

ಸಂತೋಷದ ಸುದ್ದಿಯೂ ಇದೆ. ಈ ಎಂಜಿನ್ ಇಲ್ಲಿ ಅನಾಥ, ಇಂಗ್ಲೆಂಡಿನಲ್ಲಲ್ಲ. ಇದೇ 848 ಸಿಸಿ ಎಂಜಿನ್ ಅಲ್ಲಿನ ರಿಲಯಂಟ್ ರಾಬಿನ್ ಅನ್ನುವ ಮೂರು ಚಕ್ರದ ಕಾರಿನಲ್ಲಿ 2000ದ ಆಸುಪಾಸಿನವರೆಗೂ ಬಂತು. ಆ ಕಾರಿಗೆ ಅಲ್ಲಿ ಹುಚ್ಚು ಅಭಿಮಾನಿಗಳಿದ್ದಾರೆ, ಕ್ಲಬ್ಬುಗಳಿವೆ. ಗ್ಯಾಸ್ಕೆಟ್, ಪಿಸ್ಟನ್, ಬೇರಿಂಗ್ ಅಲ್ಲಿಂದ ತರಿಸಬಹುದು. ಕೊರಿಯರ್, ಕಸ್ಟಮ್ಸ್ ಸೇರಿ ಕೈ ಸುಡುತ್ತದೆ, ಆದರೆ ಸಿಗುತ್ತದೆ. ಸಿಗದೇ ಇರುವುದು ಗಾಜು, ಲೈಟು, ಬೀಡಿಂಗು. ಅವೆಲ್ಲ ನಿಮ್ಮ ಕಾರಿನಲ್ಲಿ ಸರಿಯಾಗಿವೆ ಅಂತ ಬರೆದಿದ್ದೀರಿ. ನಾನು ನಿಮ್ಮ ಪತ್ರದಲ್ಲಿ ಎರಡು ಸಲ ಓದಿದ ಸಾಲು ಅದೇ.

ಬಾನೆಟ್ ಸೀಳಿಗೆ ಹೆದರಬೇಡಿ. ಫೋಟೋದಲ್ಲಿ ನೋಡಿದರೆ ಮೇಲ್ಪದರ ಮಾತ್ರ ಬಿರುಕು ಬಿಟ್ಟಿದೆ, ಒಳಗಿನ ಫೈಬರ್ ಮ್ಯಾಟ್ ಗಟ್ಟಿಯಾಗಿದೆ. ಟಿಂಕರ್ ಹತ್ತಿರ ಮಾತ್ರ ಹೋಗಬೇಡಿ, ಅವರ ಕೈ ತಗಡಿಗೆ ಪಳಗಿದ್ದು. ಪುಟ್ಟಿ ಬಳಿದು ಬಣ್ಣ ಹೊಡೆದು ಕೊಡುತ್ತಾರೆ, ಒಂದು ಬೇಸಿಗೆಯಲ್ಲಿ ಮತ್ತೆ ಸೀಳುತ್ತದೆ. ಫೈಬರ್ ಅಚ್ಚಿನ ಕೆಲಸ ಮಾಡುವವರನ್ನು ಹುಡುಕಿ. ಬಸ್ಸಿನ ಮುಂಭಾಗ, ನೀರಿನ ತೊಟ್ಟಿ ಮಾಡುವವರಾದರೂ ಸರಿ.

ವೈರಿಂಗ್ ಇಲಿಯ ಪಾಲಾಗಿರುತ್ತದೆ, ಹೊಸದೇ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಹೇಳಿ. ಬೇರೆ ಕಾರುಗಳಲ್ಲಿ ಬಾಡಿಯೇ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಇದರ ಫೈಬರ್ ಬಾಡಿಯಲ್ಲಿ ಕರೆಂಟು ಹರಿಯುವುದಿಲ್ಲ. ಒಂದೊಂದು ಲೈಟಿಗೂ ಪ್ರತ್ಯೇಕ ಅರ್ತ್ ವೈರು ಚಾಸಿಸ್‌ವರೆಗೆ ಎಳೆಯಬೇಕು. ಡಾಲ್ಫಿನ್ ಲೈಟು ಮಿಣಮಿಣ ಅನ್ನುತ್ತದೆ ಅಂತ ಆಗ ದೂರುತ್ತಿದ್ದರಲ್ಲ, ಬಹಳಷ್ಟು ಸಲ ಅದು ಅರ್ತ್ ಕಿತ್ತುಹೋಗಿದ್ದು ಅಷ್ಟೇ. ಬ್ರೇಕಿನ ರಬ್ಬರು, ಹೋಸು, ಪೆಟ್ರೋಲ್ ಟ್ಯಾಂಕ್ ಬಗ್ಗೆ ಹೇಳುವುದೇ ಬೇಡ, ಇಷ್ಟು ವರ್ಷ ನಿಂತ ಮೇಲೆ ಎಲ್ಲಾ ಬಿಚ್ಚಲೇಬೇಕು.

ಖರ್ಚು ಮಾಡುವ ಮೊದಲು ಆರ್‌ಟಿಓಗೆ ಒಂದು ಸುತ್ತು ಹೋಗಿ ಬನ್ನಿ. ಕಾರು ಇನ್ನೂ ತಂದೆಯವರ ಹೆಸರಿನಲ್ಲಿದೆ ಅಲ್ವಾ? ಮಾಲೀಕರು ತೀರಿಕೊಂಡಾಗ ಹೆಸರು ಬದಲಾಯಿಸಲು ಫಾರಂ 31. ಅಣ್ಣನೂ ಒಪ್ಪಿ ಸಹಿ ಹಾಕಲಿ, ಆಮೇಲೆ ಜಗಳ ಬೇಡ. ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಕೊಟ್ಟು ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿಗೆ ಏರಿಸಿದೆ. ತಡವಾಗಿದ್ದಕ್ಕೆ ದಂಡ, ತೆರಿಗೆ ಬಾಕಿ ಬೇರೆ. ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬನ್ನಿ. ವಿಂಟೇಜ್ ನೋಂದಣಿ ಮಾಡಿಸಿ ಅಂತ ಯಾರಾದರೂ ಹೇಳಬಹುದು. 2021ರ ಆ ನಿಯಮ 50 ವರ್ಷ ದಾಟಿದ ಗಾಡಿಗೆ. ನಿಮ್ಮದು 1984ರದ್ದು, 2034ರ ತನಕ ಕಾಯಬೇಕು.

ನನ್ನ ತೀರ್ಮಾನ ಕೇಳಿದ್ದೀರಿ. ಬಿಚ್ಚಬೇಡಿ. ಚಾಸಿಸ್ ಟಣ್ ಅಂದರೆ, ಎಂಜಿನ್ ಅಲುಗಿದರೆ, ಓಡುವ ಮಟ್ಟಿಗೆ ಮಾತ್ರ ಮಾಡಿಸಿ. ಹೊಳೆಯುವ ಬಣ್ಣ, ಹೊಸ ಸೀಟು ಎಲ್ಲಾ ಆಮೇಲೆ, ಮಗ ದುಡಿದು ಮಾಡಿಸಿಕೊಳ್ಳಲಿ. ಅವನು ಆರು ತಿಂಗಳು ಭಾನುವಾರಗಳನ್ನು ಇದಕ್ಕೆ ಕೊಡುತ್ತಾನಾ ಅಂತ ಈಗಲೇ ಕೇಳಿ. ಫೋನಿನಲ್ಲಿ ವಿಡಿಯೋ ನೋಡಿ ಬಂದ ಆಸೆಯಾದರೆ ಎರಡನೇ ಭಾನುವಾರಕ್ಕೆ ಗೊತ್ತಾಗುತ್ತದೆ. ಚಾಸಿಸ್ ಹೋಗಿದ್ದರೆ ಇಡೀ ಕಾರನ್ನು ಕಾಗದಪತ್ರದ ಸಮೇತ ಇನ್ನೊಬ್ಬ ಡಾಲ್ಫಿನ್ ಮಾಲೀಕರಿಗೆ ಒಂದೇ ಮಾತಿನಲ್ಲಿ ಕೊಟ್ಟುಬಿಡಿ. ಬೆಂಗಳೂರಿನ ಹಳೇ ಕಾರಿನ ಮೇಳಗಳಲ್ಲಿ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ಗುಜರಿಯವನಿಗಿಂತ ಜಾಸ್ತಿಯೇ ಕೊಡುತ್ತಾರೆ. ಬಿಚ್ಚುವ ಕಷ್ಟ ಅವರದ್ದು, ಚಿಪ್ಪೂ ಅವರದ್ದು.

ಪ್ರಶ್ನೆ: ನಮ್ಮ ಮಾವನವರ ಸ್ಟ್ಯಾಂಡರ್ಡ್ 2000 ಕಾರು ಮನೆಯ ಅಂಗಳದಲ್ಲಿ ನಿಂತು ಹಲವು ಮಳೆಗಾಲ ಕಂಡಿದೆ. ಬಾಗಿಲ ಕೆಳಗೆ ಕೈ ತೂರುವಷ್ಟು ತೂತು. ಇದನ್ನೂ ಉಳಿಸಿಕೊಳ್ಳಿ ಅನ್ನುತ್ತೀರಾ?
— ವಿ. ಆರ್., ಮಂಗಳೂರು

ಉತ್ತರ: ಇಲ್ಲ ಸರ್, ಇದನ್ನು ಬಿಚ್ಚಿ. ಡಾಲ್ಫಿನ್ ತರಹ ಇದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಸಮುದ್ರದ ಗಾಳಿ ಬಾಗಿಲ ಕೆಳಗೆ ಕೈ ತೂರಿಸುವಷ್ಟು ತಿಂದಿದ್ದರೆ ಒಳಗೆ ಇನ್ನೂ ತಿಂದಿರುತ್ತದೆ. ಇದು ಮದ್ರಾಸಿನಲ್ಲಿ ಕಟ್ಟಿದ ಇಂಗ್ಲೆಂಡಿನ ರೋವರ್ ಎಸ್‌ಡಿ1. ಮೇಲೆ ರೋವರ್ ರೂಪ, ಒಳಗೆ ಹಳೇ ಕಾಲದ ಎಂಜಿನ್. ಆ ಕಾಲಕ್ಕೆ ದುಬಾರಿ ಕಾರು, ಪೆಟ್ರೋಲ್ ಬೇರೆ ಕುಡಿಯುತ್ತಿತ್ತು, ಹಾಗಾಗಿ ಬೇಗ ನಿಂತಿತು. ಆದರೆ ಬಾಡಿ ಸಾಮಾನಿಗೆ ಗಿರಾಕಿ ಇದ್ದಾರೆ. ಮದ್ರಾಸಿನ ಫ್ಯಾಕ್ಟರಿ ಮುಚ್ಚಿ ಹರಾಜಾದಾಗ ಅಲ್ಲಿ ಉಳಿದಿದ್ದ ಸ್ಪೇರ್ ಪಾರ್ಟ್ಸನ್ನು ಇಂಗ್ಲೆಂಡಿನ ಸ್ಪೇರ್ ವ್ಯಾಪಾರಿಗಳೇ ಕೊಂಡುಕೊಂಡರು ಅಂದರೆ ನೋಡಿ. ಗಾಜು, ಲೈಟು, ಡ್ಯಾಶ್‌ಬೋರ್ಡು, ಬಾಗಿಲ ಹಿಡಿಗಳನ್ನು ಮುರಿಯದಂತೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ.

ಬಿಚ್ಚುವ ಮೊದಲು ಆರ್‌ಸಿ ರದ್ದು ಮಾಡಿಸುವ ವ್ಯವಸ್ಥೆ ನೋಡಿ. ಗಾಡಿ ಬಳಕೆಗೆ ಬಾರದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. ಚಾಸಿಸ್ ನಂಬರ್ ಇರುವ ತುಂಡನ್ನು ಯಾರಿಗೂ ಮಾರಬೇಡಿ. ನಿಮ್ಮ ನಂಬರ್ ಇನ್ಯಾವುದೋ ಗಾಡಿಯ ಮೇಲೆ ಓಡಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಪ್ರಶ್ನೆ: ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಮಾರುತಿ ಎಂಜಿನ್ ಕೂರಿಸಬಹುದಾ? ಖರ್ಚು ಕಡಿಮೆ ಅಂತಾರೆ.
— ಎಂ., ಮೈಸೂರು

ಉತ್ತರ: ಕೂರಿಸಬಹುದು, ಕೂರಿಸಿದವರೂ ಇದ್ದಾರೆ. ಓಡುತ್ತದೆ ಕೂಡ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಓ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾಯಿಸಿದರೆ ನವೀಕರಣದ ದಿನ ಎಂಜಿನ್ ನಂಬರ್ ತಾಳೆಯಾಗದೆ ಸಿಕ್ಕಿಬೀಳುತ್ತೀರಿ. ಮುಂದೆ ವಿಂಟೇಜ್ ನೋಂದಣಿಗೂ ತೊಡಕು, ಅಲ್ಲಿ ಗಾಡಿಯನ್ನು ದೊಡ್ಡದಾಗಿ ಮಾರ್ಪಾಡು ಮಾಡಿರಬಾರದು. ಹೆರಾಲ್ಡ್ ಎಂಜಿನ್ ಸರಳವಾದದ್ದು, ಒಳ್ಳೆಯ ಲೇತ್‌ನವರು ಸಿಕ್ಕರೆ ಬೋರ್ ಮಾಡಿಸಿ ಅದನ್ನೇ ಕಟ್ಟಿಸಿ. ಮಾರುತಿ ಎಂಜಿನ್ ಹಾಕಲೇಬೇಕು ಅಂದರೆ ಹಳೇ ಎಂಜಿನ್ ಮಾರಬೇಡಿ. ಎಣ್ಣೆ ಹಾಕಿ, ತೂತುಗಳಿಗೆ ಬಟ್ಟೆ ತುರುಕಿ, ಮೂಲೆಯಲ್ಲಿಡಿ.