ನಿಮ್ಮಲ್ಲಿ ಮಾತ್ರ ಇರುವುದನ್ನು ಮೊದಲು ಸ್ಕ್ಯಾನ್ ಮಾಡಿ

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ ಎರಡು ಕಪಾಟು ತುಂಬ ಹಳೆಯ ಕನ್ನಡ ಪುಸ್ತಕಗಳಿವೆ. ಮಳೆಗಾಲ ಬಂತೆಂದರೆ ಬೂಸ್ಟು ಹಿಡಿಯುತ್ತದೆ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ಇಂಟರ್ನೆಟ್‌ಗೆ ಹಾಕೋಣ ಎಂದು ಹುಡುಗರು ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಕಾನೂನಿನ ತೊಂದರೆ ಇದೆಯೇ?
– ಗ್ರಂಥಾಲಯ ಕಾರ್ಯದರ್ಶಿ, ಬದಿಯಡ್ಕ

ಉತ್ತರ: ಹುಡುಗರು ತಾವಾಗಿ ಮುಂದೆ ಬಂದಿದ್ದಾರಲ್ಲ, ಅರ್ಧ ಕೆಲಸ ಆದಂತೆಯೇ. ಆದರೆ ಮೇಲಿನ ಅರೆಯ ಮೊದಲ ಪುಸ್ತಕದಿಂದ ಶುರು ಮಾಡಬೇಡಿ. ಮೊದಲು ಒಂದು ಪಟ್ಟಿ ಮಾಡಿ. ಪುಸ್ತಕದ ಹೆಸರು, ಬರೆದವರು, ಮುದ್ರಣಾಲಯ, ಇಸವಿ, ಇಷ್ಟು ಸಾಕು. ಆ ಪಟ್ಟಿ ಹಿಡಿದು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕಿ. ಅಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳು ರಾಶಿ ಇವೆ. ಬ್ರಿಟಿಷ್ ಅಧಿಕಾರಿ ಸ್ಟರಕ್ ಸಾಹೇಬರ 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯೂ ಸಿಗುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್‌ನ ಹಳೆಯ ಪುಸ್ತಕಗಳಿವೆ. ಚೆನ್ನಾಗಿ ಆಗಿರುವುದನ್ನೇ ಮತ್ತೆ ಮಾಡಿ ಯಾಕೆ ಬೆನ್ನು ನೋಯಿಸಿಕೊಳ್ಳಬೇಕು?

ಈಗ ಕೆಳಗಿನ ಅರೆ ನೋಡಿ. ದಾರ ಸುತ್ತಿಟ್ಟ ಕಟ್ಟುಗಳು ಅಲ್ಲೇ ಇರುತ್ತವೆ. ಶಾಲೆಯ ವಾರ್ಷಿಕ ಸಂಚಿಕೆ, ಕೈಬರಹದ ಪತ್ರಿಕೆ, ಬಯಲಾಟದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ, ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂಬ ವಿಲೀನ ಚಳವಳಿಯ ಹ್ಯಾಂಡ್‌ಬಿಲ್. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ಇದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ನಿಮ್ಮೂರಿನವರು ಯಾವ ಮೈದಾನದಲ್ಲಿ ಸಭೆ ಸೇರಿದರು, ಏನು ಬೇಡಿಕೆ ಇಟ್ಟರು, ಕೆಳಗೆ ಯಾರ ಹೆಸರು ಹಾಕಿದರು? ಅದು ಆ ಒಂದು ಹಳದಿ ಹಾಳೆಯಲ್ಲಿ ಮಾತ್ರ ಇರಬಹುದು. ಅದು ಪುಡಿಯಾದರೆ ಮುಗಿಯಿತು. ಅಲ್ಲಿಂದಲೇ ಶುರು ಮಾಡಿ.

ಅವಸರಕ್ಕೆ ಇನ್ನೊಂದು ಕಾರಣ ಇದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ. ಅದು ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಹಾಗಾಗಿ ನೂರೈವತ್ತು ವರ್ಷದ ಒಳ್ಳೆಯ ಪುಸ್ತಕಕ್ಕಿಂತ ಅರವತ್ತು ವರ್ಷದ ಕರಪತ್ರ ಬೇಗ ಮುರಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಮೊಬೈಲ್ ಸಾಕು. ಜಗಲಿಯ ನೆರಳಿನ ಬೆಳಕಿನಲ್ಲಿ, ಸ್ಟ್ಯಾಂಡ್‌ಗೆ ಕಟ್ಟಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಸ್ಕ್ಯಾನರ್ ಇದ್ದರೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಅಕ್ಷರ ಸಣ್ಣದಿದ್ದರೆ 400. ಪುಸ್ತಕವನ್ನು ಪೂರ್ತಿ ಬಿಡಿಸಿ ಗಾಜಿಗೆ ಒತ್ತಬೇಡಿ, ಬೆನ್ನು ಒಡೆಯುತ್ತದೆ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಮೂಲ ಫೈಲನ್ನೇ ಡಿಸ್ಕ್‌ಗೆ ಹಾಕಿ. ಕ್ಯಾಮೆರಾ ಕೊಟ್ಟ ನಂಬರಿನ ಬದಲು ಪುಸ್ತಕದ ಹೆಸರು, ಇಸವಿ, ಪುಟ ಸಂಖ್ಯೆ ಕೊಡಿ. ಹೆಸರಿಲ್ಲದ ಸ್ಕ್ಯಾನ್ ಇದ್ದೂ ಇಲ್ಲದ ಹಾಗೆ. ಒಂದು ಪ್ರತಿ ಗ್ರಂಥಾಲಯದಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ, ಹಾಕಲು ಅವಕಾಶ ಇದ್ದರೆ ಮೂರನೆಯದು ಇಂಟರ್ನೆಟ್‌ನಲ್ಲಿ ಇರಲಿ. ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ರದ್ದಿಗೆ ಹಾಕಬಾರದು ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ಕಾನೂನು. ಕಾಪಾಡಿಕೊಳ್ಳಲು ಡಿಜಿಟಲ್ ಪ್ರತಿ ಮಾಡುವುದು ಬೇರೆ, ಅದನ್ನು ಎಲ್ಲರಿಗೂ ಹಂಚುವುದು ಬೇರೆ. ಲಾಭಕ್ಕಾಗಿ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲೇ ಇರುವ ಪುಸ್ತಕದ ಡಿಜಿಟಲ್ ಪ್ರತಿ ಮಾಡಿ ಕಾಪಾಡಿಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಇಂಟರ್ನೆಟ್‌ಗೆ ಹಾಕಬೇಕಾದರೆ ಲೇಖಕರು ತೀರಿಕೊಂಡ ವರ್ಷ ನೋಡಿ. ಅದರ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ನಮ್ಮ ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರ ಕಾಲದಲ್ಲೇ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರವು. ಅವರ 1930ರ ಕವನ ಸಂಕಲನ ‘ಗಿಳಿವಿಂಡು’ ನಿಮ್ಮಲ್ಲಿದ್ದರೆ ಧೈರ್ಯವಾಗಿ ಹಾಕಿ. ಈಚಿನ ಆವೃತ್ತಿಗೆ ಬೇರೆಯವರು ಬರೆದ ಮುನ್ನುಡಿ ಮಾತ್ರ ಬಿಡಿ, ಅದರ ಹಕ್ಕು ಬರೆದವರದು. ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮನ್ನು ಅಗಲಿದ್ದು 2015ರಲ್ಲಿ, ಅವರ ಪುಸ್ತಕಗಳಿಗೆ ಹಕ್ಕುದಾರರ ಒಪ್ಪಿಗೆ ಬೇಕು. ಬರೆದವರ ಹೆಸರಿಲ್ಲದ ಕರಪತ್ರಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ ಹಾಕಿ.

ಪ್ರಶ್ನೆ: ತಂದೆಯವರ ಪೆಟ್ಟಿಗೆಯಲ್ಲಿ ಬಟ್ಟೆಗೆ ಅಂಟಿಸಿದ ಮದ್ರಾಸ್ ಸರಕಾರದ ಕಾಲದ ಗ್ರಾಮ ನಕ್ಷೆ ಸಿಕ್ಕಿದೆ. ದೊಡ್ಡದು. ಸ್ಕ್ಯಾನರ್‌ನಲ್ಲಿ ಹಿಡಿಸುವುದಿಲ್ಲ. ಏನು ಮಾಡಲಿ?
– ಓದುಗರು, ಪೆರ್ಲ

ಉತ್ತರ: ಸುರುಳಿಯನ್ನು ಒಮ್ಮೆಲೇ ಎಳೆದು ಬಿಡಿಸಬೇಡಿ. ಒಣ ಹವೆ ಇರುವಾಗ ಮೇಜಿನ ಮೇಲೆ ನಿಧಾನವಾಗಿ ಹರಡಿ, ಅಂಚಿಗೆ ಬಟ್ಟೆ ಸುತ್ತಿದ ಭಾರ ಇಟ್ಟು ಒಂದು ರಾತ್ರಿ ಬಿಡಿ. ಆಮೇಲೆ ಕ್ಯಾಮೆರಾವನ್ನು ನೇರ ಮೇಲೆ ಹಿಡಿದು ತುಂಡು ತುಂಡಾಗಿ ತೆಗೆಯಿರಿ. ಒಂದು ಫೋಟೊದ ಅಂಚು ಇನ್ನೊಂದರಲ್ಲಿ ಕಾಲು ಭಾಗವಾದರೂ ಬರಬೇಕು. ಕಂಪ್ಯೂಟರಿನಲ್ಲಿ ಜೋಡಿಸಲು ಅದು ಬೇಕು.

ಪ್ರತಿ ಫೋಟೊದಲ್ಲೂ ಒಂದು ಸ್ಕೇಲು ಇಡಿ. ಮದ್ರಾಸಿನ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ ನೆಲದ ಒಂದು ಮೈಲಿಗೆ ಕಾಗದದಲ್ಲಿ 16 ಇಂಚಿನ ಲೆಕ್ಕದವು. ಪರದೆಯಲ್ಲಿ ನಕ್ಷೆ ಹಿಗ್ಗುತ್ತದೆ, ಕುಗ್ಗುತ್ತದೆ, ಆಗ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ಪಕ್ಕದಲ್ಲಿ ಸ್ಕೇಲು ಕಂಡರೆ ಅಳತೆ ಮತ್ತೆ ಹಿಡಿಯಬಹುದು. ಕೆಲವು ನಕ್ಷೆಗಳನ್ನು ಮಡಚಲೆಂದು ಚೌಕಗಳಾಗಿ ಕತ್ತರಿಸಿ, ನಡುವೆ ಸಣ್ಣ ಸಂದು ಬಿಟ್ಟು ಬಟ್ಟೆಗೆ ಅಂಟಿಸಿರುತ್ತಾರೆ. ನಿಮ್ಮದು ಹಾಗಿದ್ದರೆ ಒಂದೊಂದು ಚೌಕವನ್ನೂ ಬೇರೆ ತೆಗೆಯಿರಿ. ಇಲ್ಲದಿದ್ದರೆ ಸಂದಿನ ಅಗಲವೂ ನೆಲದ ಅಳತೆಯಲ್ಲಿ ಸೇರಿಬಿಡುತ್ತದೆ. ಹಿಂಬದಿಯ ಸೀಲು, ಪೆನ್ಸಿಲ್ ಗುರುತುಗಳ ಫೋಟೊ ಕೂಡ ಬೇಕು.

ನಕ್ಷೆಗಳ ಕೆಲಸಕ್ಕೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇದೆ. ಹಳೆ ನಕ್ಷೆಯ ಹೊಳೆ ಕವಲು, ಗುಡ್ಡದ ತುದಿ, ದೇವಸ್ಥಾನದ ಕೆರೆಗಳನ್ನು ಇಂದಿನ ನಕ್ಷೆಯ ಜಾಗಕ್ಕೆ ಕೂಡಿಸಿದರೆ ಒಂದರ ಮೇಲೊಂದು ಇಟ್ಟು ನೋಡಬಹುದು. ಮುಚ್ಚಿಹೋದ ತೋಡು ಎಲ್ಲಿತ್ತು, ಗದ್ದೆ ಎಲ್ಲಿ ತೋಟವಾಯಿತು, ಎಲ್ಲ ಕಾಣುತ್ತದೆ. ಅಂಚಿನಲ್ಲಿ ‘ರಿಸ್ಟ್ರಿಕ್ಟೆಡ್’ ಎಂಬ ಮುದ್ರೆ ಇದ್ದರೆ ಮಾತ್ರ ಸರ್ವೆ ಇಲಾಖೆಯಲ್ಲಿ ಕೇಳದೆ ಇಂಟರ್ನೆಟ್‌ಗೆ ಹಾಕಬೇಡಿ.

ಪ್ರಶ್ನೆ: ಸ್ಕ್ಯಾನ್ ಆದ ಕನ್ನಡ ಪುಸ್ತಕದೊಳಗೆ ಪದ ಹುಡುಕಿದರೆ ಸಿಗುವುದೇ ಇಲ್ಲ, ಯಾಕೆ?
– ಎಂ.ಎ. ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಅದು ಬರೀ ಚಿತ್ರ ಆಗಿರಬಹುದು ತಂಗಿ. ಚಿತ್ರವನ್ನು ಅಕ್ಷರವಾಗಿ ಓದಿಸಬೇಕು. ಹಾಗೆ ಓದುವ ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡ ಬರುತ್ತದೆ, ಆದರೆ ಹಳೆ ಅಚ್ಚಿನಲ್ಲಿ ತಪ್ಪು ಜಾಸ್ತಿ. ‘ಧ’ದ ಅಡಿಯ ಸೀಳು ಮಾಸಿದ್ದರೆ ತಂತ್ರಾಂಶ ಅದನ್ನು ‘ದ’ ಎಂದೇ ಓದುತ್ತದೆ. ಒತ್ತಕ್ಷರಗಳು ಕಲಸಿಹೋಗುತ್ತವೆ. ಮನುಷ್ಯರೇ ಕೂತು ತಿದ್ದಬೇಕು. ಕನ್ನಡ ವಿಕಿಸೋರ್ಸ್ ಎಂಬ ಉಚಿತ ಪುಸ್ತಕಗಳ ಜಾಲತಾಣದಲ್ಲಿ ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಅಕ್ಷರ ಇರುತ್ತದೆ. ನೋಡಿಕೊಂಡು ತಿದ್ದಬಹುದು, ಇನ್ನೊಬ್ಬರು ಅದನ್ನು ಮತ್ತೆ ನೋಡುತ್ತಾರೆ. ನಿಮ್ಮ ತರಗತಿಯವರು ಸೇರಿ ಹಕ್ಕು ಮುಗಿದ ಒಂದು ಪುಸ್ತಕ ಹಿಡಿಯಿರಿ. ವಿವರ ತುಂಬುವಾಗ ಊರಿನ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಹುಡುಕುವವರು ಈ ಮೂರರಲ್ಲಿ ಯಾವುದರಲ್ಲಾದರೂ ಹುಡುಕುತ್ತಾರೆ.